8:20ರ ಖಾಲಿ ಬೀದಿ

ಗಡಿಯಾರದ ಅಂಗಡಿ ಇರುವ ಹಳೇ ಫೋಟೋ ಟೇಬಲ್ ಮೇಲೆ ಬಂದರೆ ಸಾಕು, ನಮ್ಮ ಸ್ಕ್ಯಾನಿಂಗ್ ರೂಮಿನಲ್ಲಿ ಯಾರಾದರೂ ಒಬ್ಬರು ತಪ್ಪದೆ ಕೇಳುತ್ತಾರೆ, "ಸರ್, ಟೈಮ್ ಎಷ್ಟಾಯ್ತು?" ಉಳಿದವರು ಮಾನಿಟರ್ ಹಿಂದೆ ಮುಖ ಮರೆಸಿಕೊಂಡು ನಗುತ್ತಾರೆ. ನಾನೂ ನಗುತ್ತೇನೆ. ಮೂರು ವರ್ಷವಾಯಿತು, ಇನ್ನೂ ಬಿಟ್ಟಿಲ್ಲ.

ನಾನು ಒಂದು ಆರ್ಕೈವ್‌ನ ಡಿಜಿಟೈಸೇಷನ್ ವಿಭಾಗದಲ್ಲಿದ್ದೇನೆ. ಆ ವರ್ಷ ನಮಗೆ ಬಂದಿದ್ದು ನಗರದ ಮುಖ್ಯ ಬೀದಿಗಳ ಅಂಗಡಿ ಸಾಲಿನ ಗಾಜಿನ ನೆಗೆಟಿವ್‌ಗಳು. ಪೆಟ್ಟಿಗೆಗಟ್ಟಲೆ. ಅಂಗಡಿ ಫೋಟೋ ಅಂದರೆ ನನಗೆ ಮೊದಲಿನಿಂದಲೂ ಇಷ್ಟ. ಅರಮನೆ, ಮೆರವಣಿಗೆಗಳ ಫೋಟೋದಲ್ಲಿ ಎಲ್ಲರೂ ಸಿದ್ಧರಾಗಿ ನಿಂತಿರುತ್ತಾರೆ. ಅಂಗಡಿ ಬೀದಿಯಲ್ಲಿ ಹಾಗಲ್ಲ. ಒಂದು ಪ್ಲೇಟ್ ಲೈಟ್ ಟೇಬಲ್ ಮೇಲಿಟ್ಟು ಲೂಪ್ (ಸಣ್ಣ ಭೂತಗನ್ನಡಿ) ಹಿಡಿದರೆ ಬೋರ್ಡು, ಬೆಲೆ ಚೀಟಿ, ಮಡಚಿಟ್ಟ ಬಿಸಿಲು ಪರದೆ, ಗೋಡೆ ಮೇಲೆ ಅರ್ಧ ಅಳಿಸಿದ ಹಿಂದಿನ ಅಂಗಡಿಯ ಹೆಸರು, ಎಲ್ಲ ಸಿಗುತ್ತದೆ.

ಕಷ್ಟವಿರುವುದು ಮೆಟಾಡೇಟಾದಲ್ಲಿ, ಅಂದರೆ ಫೋಟೋ ಎಲ್ಲಿಯದು, ಯಾವಾಗಿನದು ಅನ್ನುವ ವಿವರ ತುಂಬುವುದರಲ್ಲಿ. ಪ್ಲೇಟ್ ಮೇಲೆ ತಾರೀಖು ಬರೆದಿರುವುದಿಲ್ಲ. ನ್ಯೂಯಾರ್ಕ್‌ನಲ್ಲಿ 1939ರಿಂದ 1941ರವರೆಗೆ ತೆರಿಗೆ ಲೆಕ್ಕಕ್ಕೆಂದು ನಗರದ ಕಟ್ಟಡಗಳನ್ನೆಲ್ಲ ಒಂದೊಂದಾಗಿ ಫೋಟೋ ತೆಗೆದರು. ಪ್ರತಿ ಕಟ್ಟಡದ ಮುಂದೆ ಬ್ಲಾಕ್ ನಂಬರ್, ಲಾಟ್ ನಂಬರ್ ಇರುವ ಫಲಕ ಹಿಡಿದೇ ಕ್ಲಿಕ್ಕಿಸಿದರು. ಅಂಥದ್ದು ಸಿಕ್ಕರೆ ಕಣ್ಣಿಗೊತ್ತಿಕೊಳ್ಳಬಹುದು. ನಮಗೆ ಆ ಭಾಗ್ಯ ಇಲ್ಲ. ನಾವು ಬೋರ್ಡಿನ ಹೆಸರು ಹಿಡಿದು ಹಳೇ ಡೈರೆಕ್ಟರಿಗಳಲ್ಲಿ ಹುಡುಕಬೇಕು. ಈ ವರ್ಷದ ಪುಸ್ತಕದಲ್ಲಿ ಅಂಗಡಿ ಇದೆ, ಆ ವರ್ಷದ್ದರಲ್ಲಿ ಇಲ್ಲ, ಹಾಗಾದರೆ ಫೋಟೋ ಈ ನಡುವಿನದು. ಬೋರ್ಡ್ ಮೇಲೆ 'ಸ್ಥಾಪನೆ' ಅಂತ ಇರುವ ವರ್ಷವನ್ನೇ ಫೋಟೋ ವರ್ಷ ಅಂತ ತುಂಬುವ ಹೊಸಬರು ಪ್ರತಿ ಬ್ಯಾಚಿನಲ್ಲೂ ಒಬ್ಬರಿರುತ್ತಾರೆ. ಅವರಿಗೆ ಪಾಠ ಮಾಡುವವನು ನಾನೇ. ಇದನ್ನು ನೆನಪಿಟ್ಟುಕೊಳ್ಳಿ.

ಇನ್ನೊಂದು ತಲೆನೋವು ನಮ್ಮ ಸಾಫ್ಟ್‌ವೇರ್. ಅದರಲ್ಲಿ 'ದಿನಾಂಕ ಮತ್ತು ಸಮಯ' ಅಂತ ಒಂದು ಫೀಲ್ಡ್ ಇದೆ. ಕೆಂಪು ನಕ್ಷತ್ರ ಹಾಕಿದ ಫೀಲ್ಡ್. ಖಾಲಿ ಬಿಟ್ಟರೆ ಸೇವ್ ಆಗುವುದಿಲ್ಲ. 'ಸುಮಾರು' ಅಂತ ಹಾಕಿದರೆ ಬೈಯುತ್ತದೆ. ನೂರು ವರ್ಷ ಹಿಂದಿನ ಗಾಜಿಗೆ ನಿಮಿಷದ ಲೆಕ್ಕ ಕೇಳುವ ಈ ತಂತ್ರಾಂಶವನ್ನು ಆರಿಸಿದವರು ಒಂದು ದಿನವೂ ಪ್ಲೇಟ್ ಮುಟ್ಟಿದವರಲ್ಲ. ಮೇಲಿನವರಿಗೆ ಬೇಕಾದದ್ದು ದಿನಕ್ಕೆ ಎಷ್ಟು ರೆಕಾರ್ಡ್ ಮುಗಿಯಿತು ಅನ್ನುವ ಸಂಖ್ಯೆ ಮಾತ್ರ.

ಇಂಥ ಹೊತ್ತಲ್ಲಿ ನನಗೆ ಆ ಪ್ಲೇಟ್ ಸಿಕ್ಕಿತು. ಉದ್ದದ ಬೀದಿ, ಎರಡೂ ಕಡೆ ಅಂಗಡಿ. ಎಡಕ್ಕೆ ಗಡಿಯಾರ ರಿಪೇರಿ ಅಂಗಡಿ. ಬಾಗಿಲ ಮೇಲೆ ಕಬ್ಬಿಣದ ತೋಳಿಗೆ ತೂಗುಹಾಕಿದ, ಗಾಡಿ ಚಕ್ರದಷ್ಟು ದೊಡ್ಡ ಜೇಬುಗಡಿಯಾರ. ಮುಳ್ಳುಗಳು ಸ್ಪಷ್ಟ. 8:20. ನಾನು ಖುಷಿಯಿಂದ ಕುರ್ಚಿಯಲ್ಲೇ ಒಂದು ಸುತ್ತು ಹಾಕಿದೆ. ಆ ದರಿದ್ರ ಫೀಲ್ಡಿಗೆ ಕೊನೆಗೂ ಒಂದು ಉತ್ತರ!

ಬೀದಿ ಹೆಚ್ಚುಕಡಿಮೆ ಖಾಲಿ. ಅದೂ ಹೊಂದಿಕೊಂಡಿತು. ಪ್ಯಾರಿಸ್ಸಿನ ಅಂಗಡಿಗಳನ್ನು, ಹಳೇ ಬೀದಿಗಳನ್ನು ವರ್ಷಗಟ್ಟಲೆ ಫೋಟೋ ತೆಗೆದ ಯೂಜೀನ್ ಅಟ್ಜೆ ಜನ ಓಡಾಡುವ ಮೊದಲೇ, ಬೆಳಗಿನ ಹೊತ್ತು ಕ್ಯಾಮೆರಾ ಹೊತ್ತು ಹೋಗುತ್ತಿದ್ದ. ನಮ್ಮ ಫೋಟೋಗ್ರಾಫರೂ ಅದೇ ಜಾತಿ ಅಂದುಕೊಂಡೆ. ಬಾಗಿಲುಗಳ ಮುಂದೆ ಮಾತ್ರ ಅಲ್ಲಲ್ಲಿ ಬೂದುಬಣ್ಣದ ಕಲೆಗಳಿದ್ದವು. ಹೊಗೆ ಹಾಗೆ, ಮೊಣಕಾಲೆತ್ತರಕ್ಕೆ. ಕ್ಯೂಸಿ, ಅಂದರೆ ಗುಣಮಟ್ಟದ ತಪಾಸಣೆ, ನೋಡುವ ಹುಡುಗಿ ಟಿಪ್ಪಣಿ ಹಾಕಿದ್ದಳು, "ಮೋಷನ್ ಬ್ಲರ್ ಇರಬಹುದಾ ಸರ್, ಯಾರಾದರೂ ಅಲುಗಾಡಿದ್ದು?" ನಾನು ಎರಡೇ ಪದ ಉತ್ತರಿಸಿದೆ. "ಸ್ಟೇನ್. ಕ್ಲೀನ್." ಅವಳು ಮತ್ತೆ ಕೇಳಲಿಲ್ಲ. ಕೊನೆಗೆ ಕ್ಲೀನ್ ಮಾಡಿದ್ದೂ ನಾನೇ. ಪ್ರದರ್ಶನದ ಕಾಪಿಯಲ್ಲಿ ಕಲೆ ಅಳಿಸುವ ಹೀಲಿಂಗ್ ಬ್ರಷ್ ಟೂಲ್ ಹಿಡಿದು ಎರಡು ಸಂಜೆ ಕೂತು ಒಂದೊಂದೇ ಒರೆಸಿದೆ. ಎಷ್ಟು ನೀಟಾಗಿ ಬಂತು ಅಂದರೆ ಮನೆಯವರಿಗೂ ತೋರಿಸಿದೆ.

ಆ ಫೋಟೋವೇ ಪ್ರದರ್ಶನದ ಮುಖ್ಯ ಪ್ಯಾನೆಲ್ ಆಯಿತು. ಎಂಟಡಿ ಅಗಲ. ಕೆಳಗೆ ವಿನೈಲ್ ಅಕ್ಷರದಲ್ಲಿ ನನ್ನದೇ ಬರಹ: "ಬೆಳಿಗ್ಗೆ 8:20. ಬೀದಿ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಗಿರಾಕಿಗಳು ಬಂದಿಲ್ಲ." ಕವಿತೆ ಬೇರೆ!

ಉದ್ಘಾಟನೆ 11 ಗಂಟೆಗೆ. ಹತ್ತು ಗಂಟೆಗೆ ಲೈಟಿಂಗ್‌ನವನು ಏಣಿ ಮೇಲೆ ನಿಂತು ಟ್ರ್ಯಾಕ್ ಲೈಟ್ ತಿರುಗಿಸುತ್ತಿದ್ದ. ಪ್ಯಾನೆಲ್ ಮೇಲೆ ಬೆಳಕು ಬಿಟ್ಟವನು ಸ್ವಲ್ಪ ಹೊತ್ತು ಸುಮ್ಮನೆ ನೋಡಿದ. ಆಮೇಲೆ ಅಂದ, "ಸರ್, ಇದು ಬೆಳಗಿನ ಬಿಸಿಲಲ್ಲ. ನೆರಳೆಲ್ಲ ಬುಡದಲ್ಲೇ ಇದೆಯಲ್ಲ."

"ಗಡಿಯಾರ ನೋಡಪ್ಪ," ಅಂದೆ. ನಗುತ್ತಲೇ ಅಂದೆ. ಆ ನಗು ಈಗ ನೆನೆದರೆ ಮೈ ಉರಿಯುತ್ತದೆ.

ಅವನು ಗಡಿಯಾರ ನೋಡಿದ. ಪಕ್ಕದ ಪ್ಯಾನೆಲ್ಲಿನತ್ತ ಲೈಟ್ ತಿರುಗಿಸಿದ. ಅದೂ ಅದೇ ಬೀದಿ, ಕೆಲವು ವರ್ಷ ಆದಮೇಲಿನದು. ಪಕ್ಕದ ಅಂಗಡಿಗಳ ಬೋರ್ಡ್ ಬದಲಾಗಿದ್ದವು. "ಅಲ್ಲೂ 8:20 ಇದೆ ಸರ್."

ಇಲ್ಲಿಗಾದರೂ ನಾನು ಬಾಯಿ ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಫೋಟೋಗ್ರಾಫರ್ ತುಂಬಾ ಶಿಸ್ತಿನ ಮನುಷ್ಯ, ಪ್ರತಿ ಸಲ ಅದೇ ಹೊತ್ತಿಗೆ, ಅದೇ ಜಾಗಕ್ಕೆ ಬರುತ್ತಿದ್ದ ಅಂತ ಹೊಸ ಕಥೆ ಕಟ್ಟಿದೆ. ಅಲ್ಲೇ, ಆ ನಿಮಿಷದಲ್ಲೇ. ಕಟ್ಟಿದ ಕೂಡಲೇ ನನಗೆ ಅದು ನಿಜ ಅನ್ನಿಸಿಬಿಟ್ಟಿತು.

"ಇದ್ರಲ್ಲಿ ನೆರಳು ಎಡಕ್ಕೆ. ಅದ್ರಲ್ಲಿ ಬಲಕ್ಕೆ," ಅಂದ.

"ಕಾಲ ಬೇರೆ ಇರಬಹುದು."

"ಯಾವ ಕಾಲ ಆದ್ರೂ ಬೆಳಗಿನ ಸೂರ್ಯ ಸಂಜೆ ಕಡೆ ಹೋಗ್ತಾನಾ ಸರ್?"

ಅವನು ವಾದಕ್ಕೆ ಕೇಳಲಿಲ್ಲ. ಅನುಮಾನ ಬಂತು, ಕೇಳಿದ. ದಿನವಿಡೀ ಬೆಳಕು ಎಲ್ಲಿಂದ ಬಿದ್ದರೆ ನೆರಳು ಎಲ್ಲಿಗೆ ಹೋಗುತ್ತದೆ ಅಂತಲೇ ಯೋಚಿಸುವವನು. ನನಗೆ ಮಾತ್ರ ಹೊಟ್ಟೆಯೊಳಗೆ ಲಿಫ್ಟ್ ಕೆಳಗಿಳಿದ ಹಾಗಾಯಿತು.

ಸ್ಕ್ಯಾನಿಂಗ್ ರೂಮಿಗೆ ಓಡಿದೆ. ಮಾಸ್ಟರ್ ಟಿಫ್, ಅಂದರೆ ಏನೂ ತಿದ್ದದ ಮೂಲ ಸ್ಕ್ಯಾನ್ ಫೈಲ್, ತೆರೆಯಲು ನಮ್ಮ ಸರ್ವರ್ ನಾಲ್ಕು ನಿಮಿಷ ತಗೊಂಡಿತು. ಆ ನಾಲ್ಕು ನಿಮಿಷ ಪ್ರೋಗ್ರೆಸ್ ಬಾರ್ ನೋಡುತ್ತಾ ದೇವರನ್ನೆಲ್ಲ ನೆನೆದೆ. ಗಡಿಯಾರವನ್ನು ದೊಡ್ಡದು ಮಾಡಿದೆ. ಎರಡು ಪ್ಲೇಟನ್ನೂ ಪಕ್ಕಪಕ್ಕ ಇಟ್ಟೆ. ಮುಳ್ಳಿನ ಅಂಚಿನಲ್ಲಿ ಬಣ್ಣ ಎದ್ದು ಹೋದ ಒಂದು ಚೂರು ಇತ್ತು. ಎರಡರಲ್ಲೂ ಅದೇ ಜಾಗದಲ್ಲಿ. ಮುಳ್ಳುಗಳನ್ನು ಪೇಂಟ್ ಮಾಡಿದ್ದರು. ಅದು ಗಡಿಯಾರವೇ ಅಲ್ಲ, ಬೋರ್ಡ್.

ಆಮೇಲೆ ಓದಿದಾಗ ಗೊತ್ತಾಯಿತು, ಇದು ಹೊಸ ವಿಷಯವೇನಲ್ಲ. ಹಳೇ ಕಾಲದ ಗಡಿಯಾರ ಅಂಗಡಿಗಳು ಯಂತ್ರವಿಲ್ಲದ ಡಮ್ಮಿ ಗಡಿಯಾರವನ್ನು ಬೋರ್ಡಿನಂತೆ ತೂಗುಹಾಕುತ್ತಿದ್ದವು, ಮತ್ತು ಬಹಳಷ್ಟರಲ್ಲಿ ಮುಳ್ಳು 8:20ರ ಆಸುಪಾಸಿನಲ್ಲೇ ಇರುತ್ತಿತ್ತು. ಎರಡೂ ಮುಳ್ಳು ಸಮವಾಗಿ ಕೆಳಗೆ ಇಳಿದರೆ ಮೇಲೆ ಹೆಸರು ಬರೆಯಲು ಜಾಗ ಸಿಗುತ್ತದೆ. ಅಮೆರಿಕದಲ್ಲಿ ಇದಕ್ಕೊಂದು ದಂತಕಥೆಯೂ ಇದೆ, ಅದು ಅಧ್ಯಕ್ಷ ಲಿಂಕನ್ ತೀರಿಕೊಂಡ ಸಮಯ ಅಂತ. ಅದೂ ಸುಳ್ಳೇ. ಲಿಂಕನ್‌ಗೆ ಗುಂಡು ಬಿದ್ದದ್ದು 1865ರ ಏಪ್ರಿಲ್ 14ರ ರಾತ್ರಿ ಹತ್ತು ಗಂಟೆ ದಾಟಿದ ಮೇಲೆ, ಪ್ರಾಣ ಹೋದದ್ದು ಮರುದಿನ ಬೆಳಿಗ್ಗೆ 7:22ಕ್ಕೆ. ಪೇಂಟ್ ಮಾಡಿದ ಮುಳ್ಳನ್ನು ನಂಬಿ ಮೋಸ ಹೋದವರಲ್ಲಿ ನಾನೇ ಮೊದಲಿಗನಲ್ಲ ಅನ್ನುವುದಷ್ಟೇ ಸಮಾಧಾನ.

ಆದರೆ ನಿಜವಾದ ಏಟು ಗಡಿಯಾರದ್ದಲ್ಲ. ಮಾಸ್ಟರ್ ಫೈಲ್ ತೆರೆದೇ ಇತ್ತಲ್ಲ, ಕಣ್ಣು ಕೆಳಗೆ ಹೋಯಿತು. ನಾನು ಒರೆಸಿದ್ದ ಆ ಬೂದು ಕಲೆಗಳು. ದೊಡ್ಡದು ಮಾಡಿ ನೋಡಿದರೆ ಒಂದರ ಬುಡದಲ್ಲಿ ಚಪ್ಪಲಿ ಹಾಕಿದ ಒಂದು ಪಾದ. ಇನ್ನೊಂದರೊಳಗೆ ಗಾಡಿ ಚಕ್ರದ ಅರ್ಧ. ಗಡಿಯಾರ ಅಂಗಡಿ ಬಾಗಿಲಲ್ಲಿ ಇಬ್ಬರು, ಗೋಡೆ ಅವರ ಮೈಯೊಳಗಿಂದಲೇ ಕಾಣುತ್ತಿದೆ. ನಡುಹಗಲು. ಬೀದಿ ತುಂಬಾ ಜನ. ಕ್ಯಾಮೆರಾ ಕಣ್ಣು ಒಂದೆರಡು ಸೆಕೆಂಡ್ ತೆರೆದಿದ್ದಾಗ ನಡೆಯುತ್ತಲೇ ಇದ್ದವರು ಹೊಗೆಯಾಗಿದ್ದಾರೆ, ಅರೆಗಳಿಗೆ ನಿಂತವರು ಅರ್ಧ ಉಳಿದಿದ್ದಾರೆ.

ಇದು ನನಗೆ ಗೊತ್ತಿಲ್ಲದ ವಿಷಯವಾಗಿದ್ದರೆ ಬೇರೆ ಮಾತು. ಹೊಸಬರ ತರಬೇತಿಯಲ್ಲಿ ನನ್ನ ಮೊದಲ ಸ್ಲೈಡೇ ಫೋಟೋಗ್ರಫಿಯ ಆದ್ಯರಲ್ಲೊಬ್ಬನಾದ ಡಾಗೇರ್ 1838ರಲ್ಲಿ ತೆಗೆದ ಪ್ಯಾರಿಸ್ ಬೀದಿ. ಗಾಡಿ, ಜನ ಎಲ್ಲ ಮಾಯ. ಬೂಟು ಪಾಲಿಶ್ ಮಾಡಿಸಿಕೊಳ್ಳಲು ಒಂದೇ ಕಡೆ ನಿಂತಿದ್ದವನೊಬ್ಬ ಮಾತ್ರ ಉಳಿದಿದ್ದಾನೆ. "ಖಾಲಿ ಬೀದಿಯನ್ನು ನಂಬಬೇಡಿ" ಅಂತ ನಾನೇ ಬೋರ್ಡಿಗೆ ಬಡಿದು ಹೇಳುತ್ತೇನೆ. ಅದೇ ನಾನು ಒಂದು ಬೀದಿಯ ಜನವನ್ನೆಲ್ಲ ಎರಡು ಸಂಜೆ ಕೂತು ಒರೆಸಿ, ಆಮೇಲೆ ಗಿರಾಕಿಗಳು ಬಂದಿಲ್ಲ ಅಂತ ಬರೆದೆ.

10:25. ಮುಖ್ಯಸ್ಥರಿಗೆ ಹೇಳಿದೆ. ಅವರು ಪ್ಯಾನೆಲ್ ನೋಡಿದರು, ವಾಚ್ ನೋಡಿದರು. "ಬಿಡಿ, ಯಾರಿಗೂ ಗೊತ್ತಾಗಲ್ಲ," ಅಂದರು. ಏಣಿ ಮೇಲಿದ್ದವನು ಕೆಮ್ಮಿದ.

ಎಂಟಡಿ ಪ್ರಿಂಟ್ ಬದಲಿಸಲು ಸಮಯವಿಲ್ಲ. ಅಕ್ಷರವಾದರೂ ತೆಗೆಯೋಣ ಅಂತ ಹೇರ್ ಡ್ರೈಯರ್ ತರಿಸಿದೆವು. ವಿನೈಲ್ ಬಿಸಿಯಾದರೆ ಮೆತ್ತಗಾಗಿ ಏಳುತ್ತದೆ. ಜಾಸ್ತಿ ಬಿಸಿಯಾದರೆ ಕೆಳಗಿನ ಪ್ರಿಂಟೂ ಏಳುತ್ತದೆ. ಡ್ರೈಯರ್ ಹಿಡಿದದ್ದು ಲೈಟಿಂಗ್‌ನವನು, ಉಗುರಲ್ಲಿ ಎಬ್ಬಿಸಿದ್ದು ನಾನು ಮತ್ತು ಕ್ಯೂಸಿ ಹುಡುಗಿ. ಅವಳು ಒಂದು ಮಾತೂ ಆಡಲಿಲ್ಲ. ನನ್ನ ಆ ಎರಡು ಪದದ ಉತ್ತರ ಇಬ್ಬರ ನಡುವೆ ನೇತಾಡುತ್ತಿತ್ತು. 'ಕಣ್ಣುಜ್ಜಿಕೊಳ್ಳುತ್ತಿದೆ' ಅನ್ನುವ ಪದದಲ್ಲಿ ಇಷ್ಟೊಂದು ಒತ್ತಕ್ಷರ ಇವೆ ಅಂತ ಅವತ್ತೇ ಗೊತ್ತಾದದ್ದು. ಒಂದೊಂದು ಒತ್ತೂ ಬೇರೆಬೇರೆ ತುಂಡು. "ಸರ್, ಮುಂದಿನ ಸಲ ಸಣ್ಣ ಪದ ಬರೀರಿ," ಅಂದಳು ಕೊನೆಗೆ. ಆಗ ನನಗೆ ಉಸಿರು ಬಂತು.

ಅತಿಥಿಗಳು ಬಂದಾಗ ಅಂಟಿನ ಗುರುತಿನ ಮೇಲೆ ಒಂದು ಎ4 ಹಾಳೆ ಇತ್ತು: ಇದು ನಡುಹಗಲಿನ ಚಿತ್ರ, ಬೀದಿಯಲ್ಲಿದ್ದ ಜನರನ್ನು ಈ ಪ್ರಿಂಟ್ ಮಾಡುವಾಗ ತಪ್ಪಾಗಿ ಅಳಿಸಲಾಗಿದೆ. ಮುಖ್ಯಸ್ಥರು ಆ ಹಾಳೆಗೆ ಬೆನ್ನು ಕೊಟ್ಟೇ ಭಾಷಣ ಮುಗಿಸಿದರು.

ಎರಡು ವಾರ ಬಿಟ್ಟು ಒರೆಸದ ಪ್ರಿಂಟ್ ಹಾಕಿದೆವು. ಜನ ಅದರ ಮುಂದೆಯೇ ಜಾಸ್ತಿ ನಿಂತರು. ಶಾಲೆಯ ಹುಡುಗನೊಬ್ಬ ಮೂಲೆಯ ಮೆಟ್ಟಿಲ ಮೇಲೆ ಎರಡು ತಲೆಯ ನಾಯಿ ಹುಡುಕಿದ. ಫೋಟೋ ತೆಗೆಯುವಾಗ ಅದು ಒಮ್ಮೆ ತಿರುಗಿ ನೋಡಿತ್ತು. ಆ ನಾಯಿಯನ್ನೂ ನಾನು ಒರೆಸಿದ್ದೆ.

ಈಗ ರಿಟಚ್ ಮಾಡುವ ಮೊದಲು ಕ್ಯೂಸಿ ಸಹಿ ಬೇಕು, ಅವಳದೇ ಸಹಿ. ಸಮಯದ ಫೀಲ್ಡ್ ಬಗ್ಗೆ ಮೂರು ಸಲ ಮೇಲೆ ಬರೆದೆ. ಕೆಂಪು ನಕ್ಷತ್ರ ಹೋಗಲಿಲ್ಲ. ಹಾಗಾಗಿ ಗೊತ್ತಿಲ್ಲದ ಕಡೆಯಲ್ಲೆಲ್ಲ 00:00 ತುಂಬುತ್ತೇವೆ. ನಮ್ಮ ಕ್ಯಾಟಲಾಗ್ ಪ್ರಕಾರ ಆ ಬೀದಿಯ ಅಂಗಡಿಗಳೆಲ್ಲ ನಡುರಾತ್ರಿ, ಒಳ್ಳೇ ಬಿಸಿಲಲ್ಲಿ, ಪರದೆ ಇಳಿಸಿಕೊಂಡು ವ್ಯಾಪಾರ ಮಾಡುತ್ತಿವೆ.