ಗ್ವಾಡಲೂಪ್ ಪರ್ವತದ ಪೈನ್ ಸ್ಪ್ರಿಂಗ್ಸ್‌ನಲ್ಲಿ ಆರ್‌ವಿ ನಿಲ್ಲಿಸುವವರಿಗೆ

ಪಶ್ಚಿಮ ಟೆಕ್ಸಾಸ್‌ನ ಗ್ವಾಡಲೂಪ್ ಮೌಂಟನ್ಸ್ ನ್ಯಾಷನಲ್ ಪಾರ್ಕಿಗೆ ಆರ್‌ವಿಯಲ್ಲಿ, ಅಂದರೆ ಮಲಗುವ, ಅಡುಗೆ ಮಾಡುವ ವ್ಯವಸ್ಥೆಯೆಲ್ಲ ಒಳಗೇ ಇರುವ ದೊಡ್ಡ ಗಾಡಿಯಲ್ಲಿ, ಹೋಗುವ ಯೋಚನೆ ಇದ್ದರೆ ಒಂದು ವಿಷಯ ಮೊದಲೇ ತಿಳಿದಿರಲಿ. ಪೈನ್ ಸ್ಪ್ರಿಂಗ್ಸ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಆರ್‌ವಿಗೆ ಸಿಗುವುದು ಡಾಂಬರು ಹಾಕಿದ ಪಾರ್ಕಿಂಗ್ ಲಾಟ್. ಗೆರೆ ಎಳೆದ ಜಾಗದಲ್ಲಿ ನಿಮ್ಮ ಗಾಡಿ, ಪಕ್ಕದಲ್ಲೇ ಇನ್ನೊಬ್ಬರದು. ಕರೆಂಟ್ ಕನೆಕ್ಷನ್ ಇಲ್ಲ, ನೀರಿನ ಕನೆಕ್ಷನ್ ಇಲ್ಲ, ಕೊಳೆನೀರು ಖಾಲಿ ಮಾಡುವ ಡಂಪ್ ಸ್ಟೇಷನ್ ಇಲ್ಲ, ಸ್ನಾನದ ವ್ಯವಸ್ಥೆಯೂ ಇಲ್ಲ.

ಫೋಟೋ ನೋಡಿಯೇ ಬೇಡ ಅನ್ನುವವರಿದ್ದಾರೆ. ನಾನಂತೂ ಅಲ್ಲೇ ಉಳಿಯಿರಿ ಅನ್ನುತ್ತೇನೆ. ಟೆಕ್ಸಾಸ್‌ನ ಅತಿ ಎತ್ತರದ ಶಿಖರ ಗ್ವಾಡಲೂಪ್ ಪೀಕ್‌ನ ಚಾರಣದ ದಾರಿ ಶುರುವಾಗುವುದೇ ಆ ಲಾಟ್‌ನ ಪಕ್ಕದಿಂದ. ಪಾರ್ಕಿನೊಳಗೆ ಲಾಡ್ಜ್ ಇಲ್ಲ, ಹೋಟೆಲ್ ಇಲ್ಲ. ಹತ್ತಿರದ ಊರುಗಳಾದ ಕಾರ್ಲ್ಸ್‌ಬ್ಯಾಡ್‌ನಲ್ಲೋ ವ್ಯಾನ್ ಹಾರ್ನ್‌ನಲ್ಲೋ ರೂಮು ಹಿಡಿದರೆ ಬೆಳಗಿನ ತಂಪಿನ ಸುಮಾರು ಒಂದು ಗಂಟೆ ಡ್ರೈವಿಂಗ್‌ನಲ್ಲೇ ಕಳೆಯುತ್ತದೆ.

ಜಾಗ ಕೆಲವೇ ಇರುವುದರಿಂದ ರಿಕ್ರಿಯೇಷನ್ ಡಾಟ್ ಗವ್ (recreation.gov) ವೆಬ್‌ಸೈಟಿನಲ್ಲಿ ಮುಂಚೆಯೇ ಕಾದಿರಿಸಿ. ಟೆಂಟಿನವರಿಗೆ ಬೇರೆ ಜಾಗಗಳಿವೆ, ಅವು ಗಿಡಮರಗಳ ನಡುವೆ ಚೆನ್ನಾಗಿವೆ.

ಕರೆಂಟ್ ಇಲ್ಲದಿರುವುದು ಹಗಲಲ್ಲಿ ಗೊತ್ತೇ ಆಗುವುದಿಲ್ಲ, ರಾತ್ರಿ ಗೊತ್ತಾಗುತ್ತದೆ. ಕ್ಯಾಂಪ್‌ಗ್ರೌಂಡ್ ಇರುವುದು ಸುಮಾರು 5,800 ಅಡಿ ಎತ್ತರದಲ್ಲಿ, ಅಂದರೆ ಮುಳ್ಳಯ್ಯನಗಿರಿಯ ತುದಿಗಿಂತ ಐನೂರು ಅಡಿಯಷ್ಟೇ ಕೆಳಗೆ. ಮರುಭೂಮಿ ಎಂದು ತೆಳು ಬಟ್ಟೆ ತುಂಬಿಕೊಂಡು ಬಂದವರು ಅಕ್ಟೋಬರ್ ರಾತ್ರಿಯಲ್ಲೇ ನಡುಗುತ್ತಾರೆ. ಆಗ ಹೀಟರ್ ಹಾಕುತ್ತೀರಿ. ಹೀಟರ್ ಉರಿಯುವುದು ಪ್ರೊಪೇನ್ ಗ್ಯಾಸಿನಿಂದ ನಿಜ, ಆದರೆ ಬಿಸಿಗಾಳಿ ದೂಡುವ ಫ್ಯಾನ್ ಓಡುವುದು ಬ್ಯಾಟರಿಯಿಂದ. ರಾತ್ರಿಯೆಲ್ಲ ಓಡಿದರೆ ಹಳೆಯ ಬ್ಯಾಟರಿ ಬೆಳಗಾಗುವುದರೊಳಗೆ ಕೈಕೊಡುತ್ತದೆ. ಹೀಟರನ್ನು ಕಡಿಮೆಯಲ್ಲಿಟ್ಟು ದಪ್ಪ ರಜಾಯಿ ಹೊದೆಯುವುದೇ ಮೇಲು.

ಬಾಡಿಗೆಗೆ ತೆಗೆದುಕೊಳ್ಳುವಾಗ ಮೂರು ಪ್ರಶ್ನೆ ಕೇಳಿ: ಬ್ಯಾಟರಿ ಎಷ್ಟು ಹಳೆಯದು, ಫ್ರಿಜ್ ಗ್ಯಾಸಿನಲ್ಲಿ ಓಡುತ್ತದೆಯೋ ಇಲ್ಲವೋ, ಸೋಲಾರ್ ಫಲಕ ಇದೆಯೋ ಇಲ್ಲವೋ. ಜನರೇಟರ್ ಇದ್ದರೂ ರಾತ್ರಿ ಹಾಕುವಂತಿಲ್ಲ. ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದೊಯ್ಯುವವರು, ಅವರಲ್ಲಿ ಯಾರಾದರೂ ನಿದ್ದೆಯಲ್ಲಿ ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ಯಂತ್ರ ಹಾಕಿಕೊಂಡು ಮಲಗುವವರಾದರೆ, ಅದಕ್ಕೆಂದೇ ಪ್ರತ್ಯೇಕ ಬ್ಯಾಟರಿ ತನ್ನಿ. ಗಾಡಿಯ ಬ್ಯಾಟರಿಯನ್ನು ನೆಚ್ಚಿಕೊಳ್ಳಬೇಡಿ.

ನೀರಿನ ಟ್ಯಾಂಕನ್ನು ಊರು ಬಿಡುವಾಗಲೇ ತುಂಬಿಸಿ, ಕೊಳೆನೀರಿನ ಟ್ಯಾಂಕುಗಳನ್ನು ಪೂರ್ತಿ ಖಾಲಿ ಮಾಡಿ. ಶೌಚಾಲಯದ ಹತ್ತಿರ ಕುಡಿಯುವ ನೀರು ಸಿಗುತ್ತದೆ. ಕ್ಯಾನು ಹಿಡಿದು ತುಂಬಿಕೊಳ್ಳಬಹುದು. ಕೈಗೆ, ಮುಖಕ್ಕೆ ಅಲ್ಲಿಯದೇ ನೀರು ಬಳಸಿದರೆ ಗಾಡಿಯ ಟ್ಯಾಂಕ್ ಹೆಚ್ಚು ಹೊತ್ತು ಬಾಳುತ್ತದೆ.

ಇನ್ನು ಗಾಳಿ. ಈ ಪಾರ್ಕಿನಲ್ಲಿ ನಾನು ಭಯಪಡುವುದು ಇದಕ್ಕೊಂದಕ್ಕೇ, ಕರಡಿಗೂ ಅಲ್ಲ, ಹಾವಿಗೂ ಅಲ್ಲ. ಚಳಿಗಾಲದಿಂದ ವಸಂತದವರೆಗೆ ಗಂಟೆಗೆ 60 ಮೈಲಿ ದಾಟುವ ಗಾಳಿ ಇಲ್ಲಿ ಮಾಮೂಲಿ. ಪಶ್ಚಿಮದ ಉಪ್ಪಿನ ಬಯಲಿನಿಂದ ಎದ್ದ ಗಾಳಿ ಬೆಟ್ಟಕ್ಕೆ ಬಡಿದು ಕಣಿವೆಯ ಬಾಯಿಂದ ನುಗ್ಗುತ್ತದೆ. ಬಿಚ್ಚಿಟ್ಟ ಆನಿಂಗ್ (ಗಾಡಿಯ ಪಕ್ಕಕ್ಕೆ ಚಾಚುವ ಬಟ್ಟೆಯ ಚಪ್ಪರ) ಕಿತ್ತುಹೋಗಲು ಒಂದೇ ಬೀಸು ಸಾಕು. ಅದನ್ನು ಬಿಚ್ಚಲೇಬೇಡಿ, ಹೊರಗೆ ಕುರ್ಚಿ ಬಿಟ್ಟು ಮಲಗಬೇಡಿ, ಸಾಧ್ಯವಾದರೆ ಗಾಡಿಯ ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸಿ. ಹೈ ವಿಂಡ್ ವಾರ್ನಿಂಗ್ (ಬಿರುಗಾಳಿಯ ಎಚ್ಚರಿಕೆ) ಇರುವ ದಿನ ಹೆದ್ದಾರಿ 62/180ರಲ್ಲಿ ಎತ್ತರದ ಗಾಡಿ ಓಡಿಸಲೇಬೇಡಿ. ಬುಕಿಂಗ್ ದುಡ್ಡು ಹೋದರೆ ಹೋಗಲಿ.

ಅಡುಗೆಗೆ ಗ್ಯಾಸ್ ಒಲೆ ಮಾತ್ರ. ಸೌದೆ, ಇದ್ದಿಲು ಎರಡನ್ನೂ ನಿಷೇಧಿಸಿದ್ದಾರೆ. ಈ ಒಣ ನೆಲದಲ್ಲಿ, ಈ ಗಾಳಿಯಲ್ಲಿ ಒಂದು ಕಿಡಿ ಸಾಕು. ಎತ್ತರದಿಂದಾಗಿ ನೀರು ಸುಮಾರು 94 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದೇ ಇಲ್ಲವೇನೋ ಅನಿಸುತ್ತದೆ. ಸಣ್ಣ ಕುಕ್ಕರ್ ತಂದರೆ ಗ್ಯಾಸೂ ಉಳಿಯುತ್ತದೆ. ಚಾರಣದ ದಿನಕ್ಕೆ ಪುಳಿಯೋಗರೆ ಗೊಜ್ಜು, ಗೊಜ್ಜವಲಕ್ಕಿ, ಚಪಾತಿ ಚಟ್ನಿಪುಡಿ ಸಾಕು. ಪಾತ್ರೆ ತೊಳೆಯುವ ನೀರೂ ಉಳಿತಾಯ.

ಶಿಖರ 8,751 ಅಡಿ. ಹೋಗಿ ಬರಲು 8.4 ಮೈಲಿ, 3,000 ಅಡಿ ಏರು. ಆರರಿಂದ ಎಂಟು ಗಂಟೆ ಇಟ್ಟುಕೊಳ್ಳಿ. ಮೊದಲ ಒಂದೂವರೆ ಮೈಲಿಯೇ ಅತಿ ಕಡಿದು, ಅದನ್ನು ಬಿಸಿಲೇರುವ ಮೊದಲು ದಾಟಿಬಿಡಿ. ದಾರಿಯಲ್ಲಿ ಹನಿ ನೀರಿಲ್ಲ, ಒಬ್ಬೊಬ್ಬರೂ ನಾಲ್ಕು ಲೀಟರ್ ಹೊರಬೇಕು. ಕಾಲಿಗೆ ಸಿಗುವ ಸುಣ್ಣಕಲ್ಲನ್ನು ಒಮ್ಮೆ ಬಗ್ಗಿ ನೋಡಿ: ಇಡೀ ಬೆಟ್ಟ ಸುಮಾರು 26 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಬೆಳೆದ ದಿಬ್ಬ, ಸ್ಪಂಜು, ಪಾಚಿಗಳ ಪಳೆಯುಳಿಕೆಗಳೇ ಅದರ ಮೈ. ನನಗೆ ಶಿಖರದ ತುದಿಯಲ್ಲಿ ನಿಲ್ಲಿಸಿರುವ ಉಕ್ಕಿನ ಪಿರಮಿಡ್ ಸ್ಮಾರಕಕ್ಕಿಂತ ಇದೇ ಹೆಚ್ಚು ಇಷ್ಟವಾಯಿತು. ಏರಲಾಗದ ಹಿರಿಯರು, ಮಕ್ಕಳಿದ್ದರೆ ವಿಸಿಟರ್ ಸೆಂಟರ್ ಬಳಿ 1858ರ ಬಟರ್‌ಫೀಲ್ಡ್ ಟಪಾಲು ಕಂಪನಿಯ ಕುದುರೆಗಾಡಿ ಠಾಣೆಯ ಮುರಿದ ಗೋಡೆಗಳಿಗೆ ಹೋಗುವ ಸಪಾಟು ದಾರಿಯಿದೆ.

ಮೇಪಲ್ ಎಲೆ ಕೆಂಪಾಗುವುದನ್ನು ನೋಡಬೇಕೆಂದರೆ ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ ಮೆಕಿಟ್ರಿಕ್ ಕಣಿವೆಗೆ ಹೋಗಿ. ಅದರ ಗೇಟು ಬೆಳಗ್ಗೆ 8ಕ್ಕೆ ತೆರೆದು ಸಂಜೆ ಮುಚ್ಚುತ್ತದೆ. ಪಾರ್ಕ್ ನಡೆಯುವುದು ಮೌಂಟನ್ ಸಮಯದಲ್ಲಿ, ಅದು ಟೆಕ್ಸಾಸ್‌ನ ಹೆಚ್ಚಿನ ಕಡೆ ಇರುವ ಸೆಂಟ್ರಲ್ ಸಮಯಕ್ಕಿಂತ ಒಂದು ಗಂಟೆ ಹಿಂದೆ. ಡಾಲಸ್, ಹ್ಯೂಸ್ಟನ್ ಕಡೆಯಿಂದ ಬರುವವರ ಫೋನು ಕೆಲವೊಮ್ಮೆ ಸೆಂಟ್ರಲ್ ಸಮಯವನ್ನೇ ತೋರಿಸುತ್ತಿರುತ್ತದೆ, ನೆನಪಿರಲಿ.

ಪಾರ್ಕಿನೊಳಗೆ ಪೆಟ್ರೋಲ್ ಇಲ್ಲ, ದಿನಸಿ ಅಂಗಡಿಯೂ ಇಲ್ಲ. ಬರುವ ಮೊದಲು ಎರಡನ್ನೂ ತುಂಬಿಕೊಳ್ಳಿ. ಹೊರಡುವಾಗ ಕಾರ್ಲ್ಸ್‌ಬ್ಯಾಡ್ ಕಡೆಯ ದಾರಿ ಹಿಡಿದರೆ ಗುಹೆಗಳನ್ನೂ ನೋಡಿ, ಊರಿನ ಆರ್‌ವಿ ಪಾರ್ಕಿನಲ್ಲಿ ದುಡ್ಡು ಕೊಟ್ಟು ಟ್ಯಾಂಕ್ ಖಾಲಿ ಮಾಡಿಸಿ, ಬಿಸಿನೀರಿನ ಸ್ನಾನ ಮುಗಿಸಿಕೊಂಡು ಮುಂದೆ ಹೋಗಬಹುದು.