ಮಹಜರಿನ ದಿನ

ಪಂಚಾಯಿತಿ ಸದಸ್ಯರ ಮೇಲಿನ ದೂರು ನಿಲ್ಲುವುದೋ ಬೀಳುವುದೋ ಬಹುಪಾಲು ಒಂದೇ ದಿನದಲ್ಲಿ ತೀರ್ಮಾನವಾಗಿಬಿಡುತ್ತದೆ: ತನಿಖೆಗೆ ಬಂದ ಅಧಿಕಾರಿ ಊರಿನಲ್ಲಿ ನಿಂತು ಸ್ಥಳ ಮಹಜರು, ಅಂದರೆ ಅಲ್ಲಿ ಕಂಡದ್ದನ್ನು ಸಾಕ್ಷಿಗಳ ಸಹಿಯೊಂದಿಗೆ ದಾಖಲಿಸುವ ಕಾಗದ, ಬರೆಸುವ ದಿನ. ಹೊಸನಗರ ತಾಲ್ಲೂಕಿನ ಹಿನ್ನೀರಿನ ಕಡೆಯ ಒಂದು ಊರಿಗೆ ಆ ದಿನ ಬಂದದ್ದು ಏಪ್ರಿಲ್ ಕೊನೆಯಲ್ಲಿ. ಕೇರಿಯ ಕಾಂಕ್ರೀಟ್ ರಸ್ತೆ ಕೆಲಸವನ್ನು ವಾರ್ಡಿನ ಸದಸ್ಯರೇ ತಮ್ಮನ ಹೆಸರಿನಲ್ಲಿ ಹಿಡಿದು, ದಪ್ಪ ಕಡಿಮೆ ಹಾಕಿ, ಪೂರ್ತಿ ಬಿಲ್ಲು ಮಾಡಿಸಿದ್ದಾರೆ ಎಂಬುದು ದೂರು.

ಏಪ್ರಿಲ್‌ನಲ್ಲಿ ಬಂದದ್ದು ಒಳ್ಳೆಯದಾಯಿತು. ಮಲೆನಾಡಿನಲ್ಲಿ ಜೂನ್ ಮಳೆ ಹಿಡಿದ ಮೇಲೆ ರಸ್ತೆಯ ಅಂಚು ಅಗೆದರೆ ಗುಂಡಿ ತುಂಬ ನೀರು, ಮೇಲೆಲ್ಲ ಪಾಚಿ. ಆಮೇಲೆ ಎಲ್ಲ ಕೊರತೆಗೂ "ಮಳೆಗೆ ಕೊಚ್ಚಿಹೋಗಿದೆ ಸಾರ್" ಎಂಬ ಒಂದೇ ಉತ್ತರ ಸಿಗುತ್ತದೆ. ಕೆಲಸದ ಗುಣಮಟ್ಟದ ಬಗ್ಗೆ ದೂರು ಕೊಡುವವರು ಡಿಸೆಂಬರ್, ಜನವರಿಯಲ್ಲೇ ಅರ್ಜಿ ಹಾಕಿದರೆ ಮಳೆಗೆ ಮುಂಚೆ ಅಳತೆ ಆಗುವ ಸಂಭವ ಇರುತ್ತದೆ.

ಈ ಅರ್ಜಿ ಇಲ್ಲಿಗೆ ಬರುವ ಮೊದಲು ಎರಡು ಕಡೆ ಅಲೆದಿತ್ತು. ಮೊದಲು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕೈಗೆ. ಅವರಿಗೆ ಚುನಾಯಿತ ಸದಸ್ಯರ ಮೇಲೆ ಕ್ರಮ ತೆಗೆದುಕೊಳ್ಳುವ ಅಧಿಕಾರವಿಲ್ಲ. ಆಮೇಲೆ ತಹಸೀಲ್ದಾರರಿಗೆ, ಅಲ್ಲಿಂದ ಇದು ತಮಗೆ ಬರುವುದಿಲ್ಲ ಎಂಬ ಹಿಂಬರಹ ಬಂತು. 1993ರ ಪಂಚಾಯತ್ ರಾಜ್ ಕಾಯ್ದೆಯ 43ಎ ಪ್ರಕರಣದಂತೆ (ಸೆಕ್ಷನ್) ದುರ್ನಡತೆಗಾಗಿ ಸದಸ್ಯರನ್ನು ತೆಗೆಯುವ ಅಧಿಕಾರ ಇರುವುದು ರಾಜ್ಯ ಸರ್ಕಾರಕ್ಕೆ. ಗ್ರಾಮ ಪಂಚಾಯಿತಿ ಶಿಫಾರಸು ಮಾಡಬಹುದು, ತೆಗೆಯಲಾರದು. ಶಿಫಾರಸು ಇಲ್ಲದೆಯೂ ಸರ್ಕಾರ ಮುಂದುವರಿಯಬಹುದು. ದೂರು ಅಧ್ಯಕ್ಷರ ಅಥವಾ ಉಪಾಧ್ಯಕ್ಷರ ಮೇಲಾದರೆ 48(4)ನೇ ಪ್ರಕರಣ. ಅರ್ಜಿ ಹೋಗಬೇಕಾದದ್ದು ಶಿವಮೊಗ್ಗದ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ (ಸಿಇಒ), ಅದರ ಒಂದು ನಕಲು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ (ಇಒ). ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಸಾಗರ, ತೀರ್ಥಹಳ್ಳಿ ಪಟ್ಟಣಗಳಿಗೆ 1964ರ ಪುರಸಭೆಗಳ ಕಾಯ್ದೆ, ಶಿವಮೊಗ್ಗ ನಗರಕ್ಕೆ 1976ರ ಮಹಾನಗರಪಾಲಿಕೆ ಕಾಯ್ದೆ. ಅಲ್ಲಿಯ ದೂರಿಗೆ ಪಂಚಾಯತ್ ಕಾಯ್ದೆಯ ಪ್ರಕರಣ ಬರೆದರೆ ಅರ್ಜಿ ಅಲ್ಲೇ ಬಿದ್ದುಹೋಗುತ್ತದೆ. ಇನ್ನು ಲಂಚ ಕೇಳಿದ ದೂರಾದರೆ ದಾರಿಯೇ ಬೇರೆ: ಹಣ ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರ ಹತ್ತಿರ ಹೋಗಬೇಕು.

ಹನ್ನೊಂದು ಗಂಟೆಗೆ ಪಂಚಾಯಿತಿ ಕಚೇರಿಯಲ್ಲಿ ಕಡತ ಬಿಚ್ಚಿದರು. ಹೆಚ್ಚಿನ ದೂರುಗಳು ಸೋಲುವುದು ಇಲ್ಲೇ. ಬಿಲ್ಲಿನ ಹಣ ಬಿಡುಗಡೆಯಾಗುವುದು ಅಧ್ಯಕ್ಷರ ಮತ್ತು ಪಿಡಿಒ ಅವರ ಡಿಜಿಟಲ್ ಸಹಿಯಿಂದ. ಬರೀ ಸದಸ್ಯರಾದವರ ಸಹಿ ಅಲ್ಲಿ ಇರುವುದಿಲ್ಲ. ಹಾಗಾಗಿ "ಕಾಮಗಾರಿಯಲ್ಲಿ ಅವ್ಯವಹಾರ ಆಗಿದೆ" ಎಂದಷ್ಟೇ ಬರೆದ ಅರ್ಜಿಗೆ "ಸದಸ್ಯರ ಪಾತ್ರ ಕಂಡುಬಂದಿಲ್ಲ" ಎಂಬ ವರದಿ ಬರುತ್ತದೆ. ವರದಿ ಬರೆದವರನ್ನು ಬೈದು ಉಪಯೋಗವಿಲ್ಲ. ಪಾತ್ರ ತೋರಿಸುವ ಕಾಗದ ಅರ್ಜಿಯಲ್ಲಿರಲಿಲ್ಲ.

ಈ ಅರ್ಜಿದಾರರು ತೋರಿಸಿದ್ದರು. ಕೆಲಸಕ್ಕೆ ಒಪ್ಪಿಗೆ ಕೊಟ್ಟ ಸಾಮಾನ್ಯ ಸಭೆಯ ನಡವಳಿ, ಅದರಲ್ಲಿ ಸದಸ್ಯರ ಹಾಜರಿ ಸಹಿ. ಕಾರ್ಯಾದೇಶ. ತಮ್ಮನ ಖಾತೆಗೆ ಹಣ ಹೋದ ಪಾವತಿ ವೋಚರ್. ಅಣ್ಣ ತಮ್ಮ ಎಂಬುದಕ್ಕೆ ವಂಶವೃಕ್ಷ. ಪಂಚಾಯಿತಿಯ ಕೆಲಸದಲ್ಲಿ ಸದಸ್ಯರಿಗೆ ನೇರವಾಗಿಯೋ ಪರೋಕ್ಷವಾಗಿಯೋ ಪಾಲು ಇರಬಾರದು ಎಂಬುದು 12ನೇ ಪ್ರಕರಣದಲ್ಲೇ ಇದೆ. ಆದರೆ ನೆಂಟಸ್ತಿಕೆ ಒಂದೇ ಸಾಲುವುದಿಲ್ಲ, ಆ ಕೆಲಸದಲ್ಲಿ ಸದಸ್ಯರಿಗೆ ಪಾಲಿತ್ತು ಎಂದು ಕಾಣಬೇಕು. ಇಲ್ಲಿ ಸಿಮೆಂಟಿನ ರಸೀದಿ ಸದಸ್ಯರ ಹೆಸರಿನಲ್ಲೇ ಇತ್ತು.

ನಡವಳಿ, ಕಾರ್ಯಾದೇಶ, ವೋಚರ್ ಎಲ್ಲ ಬಂದದ್ದು ಮಾಹಿತಿ ಹಕ್ಕಿನಲ್ಲಿ. ನಮೂನೆ ಎ, 10 ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. "ಏಕೆ ಹೀಗಾಯಿತು" ಎಂದು ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ಇಂಥ ಕಾಮಗಾರಿಯ ಅಳತೆ ಪುಸ್ತಕದ ದೃಢೀಕೃತ ಪ್ರತಿ ಬೇಕು ಎಂದು ಕೇಳಿ. 30 ದಿನದಲ್ಲಿ ಬಾರದಿದ್ದರೆ ಮೇಲ್ಮನವಿ ಹಾಕಿ.

ಮಧ್ಯಾಹ್ನ ರಸ್ತೆಗೆ ಬಂದರು. ಎಂಬಿ ಬುಕ್ಕಿನಲ್ಲಿ (ಅದೇ ಅಳತೆ ಪುಸ್ತಕ) ಉದ್ದ 100 ಮೀಟರ್, ಅಗಲ 3 ಮೀಟರ್, ದಪ್ಪ 15 ಸೆಂಟಿಮೀಟರ್. ಅಂದರೆ 45 ಘನ ಮೀಟರ್ ಕಾಂಕ್ರೀಟ್. ಟೇಪು ಹಿಡಿದರೆ ಉದ್ದ, ಅಗಲ ಸರಿ ಇತ್ತು. ಅಂಚು ಕೆರೆದು ನೋಡಿದರೆ ದಪ್ಪವೂ 15! ಊರಿನವರ ಮುಖ ಸಪ್ಪೆಯಾಯಿತು. ಆದರೆ ಅಂಚಿನ ಅಳತೆ ನಂಬುವಂಥದ್ದಲ್ಲ. ಹಲಗೆ ಕಟ್ಟುವ ಕಡೆ ಪೂರ್ತಿ ದಪ್ಪ ಕೊಟ್ಟು, ನಡುವೆ ಜಲ್ಲಿ ಮಣ್ಣು ಏರಿಸಿ ಮೇಲೆ ತೆಳ್ಳಗೆ ಎಳೆದಿರುತ್ತಾರೆ. ನಡುವಿನಲ್ಲಿ ಮೂರು ಕಡೆ ಕೋರ್ (ಯಂತ್ರದಿಂದ ಕೊರೆದು ಎತ್ತುವ ಕಾಂಕ್ರೀಟ್ ತುಂಡು) ತೆಗೆಯಬೇಕು ಎಂದು ಅರ್ಜಿಯಲ್ಲೇ ಕೇಳಿದ್ದರಿಂದ ಯಂತ್ರ ಬಂದಿತ್ತು. ಕೊರೆದು ಎತ್ತಿದ ಮೊದಲ ತುಂಡು ಅಂಗೈಯಲ್ಲಿ ಕೂತಿತು: 10 ಸೆಂಟಿಮೀಟರ್, ಬುಡಕ್ಕೆ ಕೆಂಪು ಮಣ್ಣು ಹತ್ತಿಕೊಂಡಿತ್ತು. ಉಳಿದೆರಡೂ ಹಾಗೇ. ಆ ಲೆಕ್ಕ ಇಡೀ ರಸ್ತೆಗೆ ಹಿಡಿದರೆ 15 ಘನ ಮೀಟರ್, ಮೂರರಲ್ಲಿ ಒಂದು ಪಾಲು ಕಾಂಕ್ರೀಟ್ ಹಾಕಿಯೇ ಇಲ್ಲ. ತುಂಡುಗಳಿಗೆ ನಂಬರು ಬರೆದು ಚೀಲಕ್ಕೆ ಸೀಲು ಮಾಡಿದರು. ಸೀಲಿಲ್ಲದೆ ಪ್ರಯೋಗಾಲಯಕ್ಕೆ ಹೋದ ತುಂಡು ಯಾವ ರಸ್ತೆಯದೆಂದು ಕೇಳಿದರೆ ಉತ್ತರ ಇರುವುದಿಲ್ಲ.

ಸದಸ್ಯರು ಇದೆಲ್ಲ ನಡೆಯುವಾಗ ಹಲಸಿನ ಮರದ ಬುಡದಲ್ಲಿ ನಿಂತಿದ್ದರು. ಅವರಿಗೆ ನೋಟಿಸ್ ಮುಟ್ಟಿತ್ತು, ಹೇಳಿಕೆಯನ್ನೂ ಬರೆದುಕೊಂಡರು. ಎಷ್ಟೋ ಅರ್ಜಿದಾರರಿಗೆ ಇದು ಸಿಟ್ಟು ತರಿಸುತ್ತದೆ, "ಅವರನ್ನೇ ಕೂರಿಸಿಕೊಂಡು ಎಂಥ ತನಿಖೆ" ಅನ್ನುತ್ತಾರೆ. ಆದರೆ ಸದಸ್ಯರ ಮಾತು ಕೇಳದೆ ತೆಗೆದ ಆದೇಶ ಹೈಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಜನ ಆರಿಸಿ ಕಳಿಸಿದವರನ್ನು ಕೇಳದೆ ತೆಗೆಯಬಾರದು ಎಂಬುದು ನ್ಯಾಯವೂ ಹೌದು.

ಕಷ್ಟವಾದದ್ದು ಪಂಚರ, ಅಂದರೆ ಮಹಜರಿಗೆ ಸಾಕ್ಷಿ ನಿಲ್ಲುವವರ, ಸಹಿ. ಅಳತೆ ನೋಡಿದವರು ಇಪ್ಪತ್ತು ಜನ. ಪೆನ್ನು ಚಾಚಿದಾಗ ಎಲ್ಲರೂ ಹಿಂದೆ ಸರಿದರು. "ಎಂತಕ್ಕೆ ಮಾರಾಯ, ನಾಳೆ ಅಡಿಕೆ ಕೊನೆ ಕೊಯ್ಯಕ್ಕೆ ಅವರ ಮನೆ ಆಳೇ ಬರ್ಬೇಕು" ಎಂದರು ಒಬ್ಬ ಗೌಡರು. ಅದು ಸುಳ್ಳಲ್ಲ. ಇಲ್ಲಿ ಮನೆಗಳು ಗುಡ್ಡಕ್ಕೊಂದು, ಕೆಲಸಕ್ಕೆ ಒಬ್ಬರಿಗೊಬ್ಬರು ಬೇಕೇ ಬೇಕು. ಕೊನೆಗೆ ಪಕ್ಕದ ಮನೆಯ ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು, "ನಾ ಕಣ್ಣಾರೆ ಕಂಡಿದ್ದು ಅಲ್ವನಾ, ತಾರಾ" ಎಂದು ಪೆನ್ನು ತೆಗೆದುಕೊಂಡರು. ಅವರ ಹಿಂದೆ ಮತ್ತೊಬ್ಬರು.

ಸಹಿಗೆ ಮೊದಲು ಮಹಜರನ್ನು ಗಟ್ಟಿಯಾಗಿ ಓದಿಸಿದರು. ಮೂರು ಕೋರಿನ ಅಳತೆ ಅಂಕಿಯಲ್ಲೂ ಅಕ್ಷರದಲ್ಲೂ ಇದೆಯೇ ನೋಡಿದರು. ಒಂದು ಬಿಟ್ಟುಹೋಗಿತ್ತು, ಸೇರಿಸಿದರು. ಮೂರನೇ ಪುಟದ ಕೆಳಗೆ ನಾಲ್ಕು ಬೆರಳಗಲ ಜಾಗ ಖಾಲಿ ಉಳಿದಿತ್ತು. ಅಷ್ಟು ಜಾಗದಲ್ಲಿ ಆಮೇಲೆ ಯಾರೂ ಒಂದು ಸಾಲು ತುರುಕದ ಹಾಗೆ ಅರ್ಜಿದಾರರು ಅಲ್ಲಿ ಓರೆಗೆರೆ ಎಳೆಯಲು ಕೇಳಿದರು. ಅಧಿಕಾರಿ ಎಳೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ, "ಒಟ್ಟು ಮೂರು ಪುಟ" ಎಂದು ಬರೆದರು.