ಹೈಪೋನಾ, ಹೈಪರ್ರಾ? ಮೊದಲು ನಂಬರ್ ಹೇಳಿ

ಲ್ಯಾಬ್‌ನಿಂದ ಕ್ರಿಟಿಕಲ್ ವ್ಯಾಲ್ಯೂ ಕಾಲ್, ಅಂದ್ರೆ ರಿಪೋರ್ಟ್ ಅಪಾಯದ ಮಟ್ಟದಲ್ಲಿದೆ ಅನ್ನೋ ಫೋನ್, ಬಂದ್ರೆ ನಾನೀಗ ಹೈಪೋ, ಹೈಪರ್ ಅನ್ನೋ ಹೆಸರು ಬರೆದುಕೊಳ್ಳುವುದಿಲ್ಲ. ನಂಬರ್ ಬರೆದು, ಅದನ್ನೇ ತಿರುಗಿ ಓದಿ ಹೇಳುತ್ತೇನೆ. ಟೆಕ್ನಿಷಿಯನ್‌ಗೆ ಸಿಟ್ಟು ಬರುತ್ತೆ. ಬರಲಿ.

ನಮ್ಮ ವಾರ್ಡಿನ ಇಂಟರ್‌ಕಾಂನಲ್ಲಿ ಕರಕರ ಸದ್ದಿನ ನಡುವೆ 'ಹೈಪ' ಕೇಳುತ್ತೆ, 'ಕಲೀಮಿಯ' ಕೇಳುತ್ತೆ. ಮಧ್ಯದ್ದು ನಮ್ಮ ಊಹೆ. ಹೈಪೋಕಲೀಮಿಯ ಅಂದ್ರೆ ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆ, ಹೈಪರ್‌ಕಲೀಮಿಯ ಅಂದ್ರೆ ಜಾಸ್ತಿ. ಆ ನೈಟ್ ಡ್ಯೂಟಿಯಲ್ಲಿ ಫೋನ್ ಎತ್ತಿದವಳು ನಾನು. ಪೇಷಂಟ್ ಸಿಕೆಡಿ, ಅಂದ್ರೆ ದೀರ್ಘಕಾಲದ ಕಿಡ್ನಿ ಕಾಯಿಲೆ. ಕಿಡ್ನಿ ಕೆಟ್ಟವರಿಗೆ ಪೊಟ್ಯಾಸಿಯಂ ಏರೋದು ಮಾಮೂಲಿ, ಅಲ್ವಾ? ಹಾಗಾಗಿ ಹೈಪರ್ ಅಂತಲೇ ಕಿವಿಗೆ ಬಿತ್ತು. ಆದರೆ ಬಂದಾಗಿನಿಂದ ವಾಂತಿ, ಅದರ ಮೇಲೆ ಮೂತ್ರ ಹೆಚ್ಚಿಸೋ ಲ್ಯಾಸಿಕ್ಸ್ ಬೇರೆ ಹೋಗ್ತಿದೆ ಅನ್ನೋದು ಫೈಲಲ್ಲೇ ಇತ್ತು. ಎರಡೂ ಪೊಟ್ಯಾಸಿಯಂ ಇಳಿಸುವಂಥವೇ.

ಡ್ಯೂಟಿ ಡಾಕ್ಟರ್ ಕ್ಯಾಷುವಾಲ್ಟಿಯಲ್ಲಿ ಸಿಕ್ಕಿಬಿದ್ದಿದ್ದರು. ಫೋನಲ್ಲೇ ಹೇಳಿದರು: ಇಸಿಜಿ ತೆಗೀರಿ, ಕ್ಯಾಲ್ಸಿಯಂ ಗ್ಲುಕೊನೇಟ್ ತೆಗೆದಿಡಿ, 25 ಡಿ (ಗ್ಲೂಕೋಸ್ ದ್ರಾವಣ) ಜೊತೆ 10 ಯೂನಿಟ್ ರೆಗ್ಯುಲರ್ ಇನ್ಸುಲಿನ್ ರೆಡಿ ಮಾಡಿ, ಬಂದೆ.

ಇನ್ಸುಲಿನ್ ಅಂದ್ರೆ ಇಬ್ಬರು ಚೆಕ್ ಮಾಡಬೇಕು. ಇನ್‌ಚಾರ್ಜ್ ಸಿಸ್ಟರ್ ಬಂದರು.

"ಎಷ್ಟಮ್ಮಾ ಪೊಟ್ಯಾಸಿಯಂ?"

"ಹೈಪರ್ ಅಂತೆ ಸಿಸ್ಟರ್."

"ಹೈಪರ್ ಅನ್ನೋದು ನಂಬರ್ರಾ?"

ಇಂಥ ಹೊತ್ತಲ್ಲೂ ಪಾಠ ಮಾಡ್ತಾರಲ್ಲ ಅಂತ ಒಳಗೊಳಗೇ ಬೈದುಕೊಂಡೆ. ಅವರು ಇಸಿಜಿ ಪಟ್ಟಿಯನ್ನು ದೀಪದ ಕೆಳಗೆ ಹಿಡಿದರು. ಪೊಟ್ಯಾಸಿಯಂ ಏರಿದ್ದರೆ ಟಿ ವೇವ್ ಚೂಪಾಗಿ ನಿಂತಿರಬೇಕು. ಇಲ್ಲಿ ಚಪ್ಪಟೆ, ಹಿಂದೆಯೇ ಸಣ್ಣದೊಂದು ಉಬ್ಬು. ಸಿಸ್ಟರ್ ಲ್ಯಾಬ್‌ಗೆ ಡಯಲ್ ಮಾಡಿದರು. ಎಂಗೇಜ್. ಮತ್ತೆ ಎಂಗೇಜ್. ತುಂಬಿದ ಸಿರಿಂಜ್ ಟ್ರೇಯಲ್ಲಿ, ಡಾಕ್ಟರ್ ಲಿಫ್ಟಿನಲ್ಲಿ. ಕೊನೆಗೂ ಆ ಕಡೆಯಿಂದ ಉತ್ತರ ಬಂತು: 2.6.

3.5ರಿಂದ 5ರ ಒಳಗೆ ಇರಬೇಕಾದದ್ದು. ಇನ್ಸುಲಿನ್ ರಕ್ತದ ಪೊಟ್ಯಾಸಿಯಂ ಅನ್ನು ಜೀವಕೋಶದೊಳಗೆ ತಳ್ಳುತ್ತದೆ. ಕೊಟ್ಟಿದ್ದರೆ 2.6 ಇನ್ನೂ ಇಳಿದು ಹಾರ್ಟ್ ರಿದಂ ಕೆಡುತ್ತಿತ್ತು. ಸಿರಿಂಜ್ ಡಿಸ್ಕಾರ್ಡ್ ಆಯ್ತು. ಮಾನಿಟರ್ ಹಾಕಿ, ಪಂಪ್‌ನಲ್ಲಿ ನಿಧಾನಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಶುರುವಾಯ್ತು.

ಗ್ರೀಕರಿಗೆ ಹೈಪೋ ಅಂದ್ರೆ ಕೆಳಗೆ, ಹೈಪರ್ ಅಂದ್ರೆ ಮೇಲೆ. ಅಷ್ಟೇ ಆಗಿದ್ದರೆ ಪರವಾಗಿಲ್ಲ. ಆದರೆ ಹೈಪೋ ಕೆಲವು ಕಡೆ ಜಾಗ ಹೇಳುತ್ತೆ, ಕೆಲವು ಕಡೆ ಅಳತೆ. ಹೈಪೋಡರ್ಮಿಕ್ ಸೂಜಿ ಚರ್ಮದ ಕೆಳಗೆ ಹೋಗೋದು, ಹೈಪೋಥಲಾಮಸ್ ಥಲಾಮಸ್‌ನ ಕೆಳಗಿರೋದು. ಹೈಪೋಥೈರಾಯ್ಡ್ ಮಾತ್ರ ಥೈರಾಯ್ಡ್ ಕೆಲಸ ಕಡಿಮೆಯಾದದ್ದು. ನೆಲಕ್ಕೆ ರಕ್ತ ಚೆಲ್ಲಿದಾಗ ಆಯಾಗೆ 'ಹೈಪೋ ತಗೊಂಡ್ ಬಾ' ಅಂತೀವಲ್ಲ, ಆ ಹೈಪೋಕ್ಲೋರೈಟ್‌ನಲ್ಲಿ ಕ್ಲೋರೈಟ್‌ಗಿಂತ ಆಕ್ಸಿಜನ್ ಒಂದು ಕಡಿಮೆ. ಅದೇ ವಾರ್ಡಲ್ಲಿ 'ಆರನೇ ಬೆಡ್ ಹೈಪೋಗೆ ಹೋಗಿದೆ' ಅಂದ್ರೆ ಶುಗರ್ 70ಕ್ಕಿಂತ ಕೆಳಗೆ ಬಿದ್ದಿದೆ ಅಂತ. ಹೊಸ ಹುಡುಗಿಯರು ಕಂಗಾಲಾಗೋದರಲ್ಲಿ ತಪ್ಪೇನಿದೆ?

ಮ್ಯಾನೇಜ್‌ಮೆಂಟ್ ಏನು ಮಾಡಿತು? ಲ್ಯಾಮಿನೇಟ್ ಮಾಡಿದ ಚಾರ್ಟ್ ಅಂಟಿಸಿತು, ಒಂದು ಟ್ರೈನಿಂಗ್ ಇಟ್ಟು ಎಲ್ಲರ ಸೈನ್ ತಗೊಂಡಿತು. ಇಂಟರ್‌ಕಾಂ ಅದೇ. ಸಾಫ್ಟ್‌ವೇರಿನ ಪಟ್ಟಿಯಲ್ಲಿ ಎರಡೂ ಹೆಸರು ಈಗಲೂ ಒಂದರ ಕೆಳಗೊಂದು, ಕಾಲಂ ಸಾಲದೆ ಅರ್ಧಕ್ಕೇ ಕತ್ತರಿಸಿ ಕಾಣುತ್ತವೆ. ಐಟಿಯವರಿಗೆ ಟಿಕೆಟ್ ಹಾಕಿದೆ. ಕಾಲಂ ಅಗಲ ಮಾಡೋಕೆ ವೆಂಡರ್ ಕೊಟೇಷನ್ ಕೊಡಬೇಕಂತೆ.